ನಿರ್ದೇಶಕರ ಹೆಸರಿನ ಜೇಡ

ಸಂಗ್ರಹಾಲಯದಲ್ಲಿ ಅವಳನ್ನು ಎಲ್ಲರೂ ಜೇಡಮ್ಮ ಎಂದೇ ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಹದಿನಾಲ್ಕು ವರ್ಷ ಕಳೆಯುವ ಹೊತ್ತಿಗೆ ಗುಮಾಸ್ತರು ಅವಳ ರಜೆ ಅರ್ಜಿಯ ಅಂಚಿನಲ್ಲೂ ಪೆನ್ಸಿಲಿನಿಂದ ಹಾಗೇ ಗುರುತು ಹಾಕಿಕೊಳ್ಳುತ್ತಿದ್ದರು. ನೆಲಮಾಳಿಗೆಯ ಕೊನೆಯ ಕೋಣೆ ಅವಳದು. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಸ್ಪಿರಿಟ್ ಸೀಸೆಗಳು, ಸೀಸೆಗಳ ತುಂಬ ಜೇಡಗಳು. ಮನೆಯಲ್ಲಿ ಅತ್ತೆಯದು ಒಂದೇ ದೂರು. "ಮೂಲೇಲಿ ಬಲೆ ಕಟ್ಟಿದೆ ನೋಡಮ್ಮ ಅಂದ್ರೆ ಬೇರೆ ಸೊಸೆಯಂದಿರು ಪೊರಕೆ ತರ್ತಾರೆ. ನಮ್ಮವಳು ಭೂತಗನ್ನಡಿ ತರ್ತಾಳೆ."

ಆ ವರ್ಷ ಜೇಡಮ್ಮ ಬೆಟ್ಟದ ಮೇಲಿನ ಕಾಡಿಗೆ ಮೂರು ಸಲ ಹೋದಳು. ಮೋಡ ಮರದ ಬುಡದವರೆಗೂ ಇಳಿದು ಕೂರುವ ಕಾಡು ಅದು. ಮೊದಲ ಸಲ ಜರೀಗಿಡದ ಅಡಿಯಲ್ಲಿ ಒಂದು ಹೆಣ್ಣು ಜೇಡ ಸಿಕ್ಕಿತು. ಬೆನ್ನ ಮೇಲೆ ಹಸಿರು ಪಟ್ಟೆ, ಹೊಟ್ಟೆಯ ತುದಿಯಲ್ಲಿ ಎರಡು ಗುಬುಟು. ಇದ್ದಬದ್ದ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದರೂ ಅಂಥದ್ದು ಕಾಣಲಿಲ್ಲ. ಆದರೆ ಹೊಸ ಪ್ರಭೇದ ಎಂದು ಗಟ್ಟಿಯಾಗಿ ಹೇಳಲು ಗಂಡೂ ಬೇಕು. ಗಂಡು ಜೇಡದ ಬಾಯಿಯ ಪಕ್ಕ ಎರಡು ಪುಟ್ಟ ಕೈಗಳಿರುತ್ತವೆ. ಆ ಕೈತುದಿಯ ಕೊಕ್ಕೆ, ತಿರುವುಗಳು ಪ್ರತಿ ಪ್ರಭೇದಕ್ಕೂ ಬೇರೆಬೇರೆ, ಬೀಗಕ್ಕೊಂದು ಕೀಲಿ ಇದ್ದ ಹಾಗೆ. ಎರಡನೆಯ ಸಲ ಜಿಗಣೆಗಳಿಗೆ ರಕ್ತ ಕೊಟ್ಟು ಬರಿಗೈಯಲ್ಲಿ ಹಿಂತಿರುಗಿದಳು. ಮೂರನೆಯ ಸಲ ಒದ್ದೆ ನೆಲದ ಮೇಲೆ ಬೋರಲು ಮಲಗಿ, ಹೆಣ್ಣಿನ ಬಲೆಯ ಒಂದು ಅಂಚಿನಲ್ಲಿ ಎಳ್ಳುಕಾಳಿನಷ್ಟು ಪುಟ್ಟ ಗಂಡನ್ನು ಕಂಡಳು.

ಎರಡು ದಿನ ಅದನ್ನೇ ನೋಡುತ್ತ ಮಲಗಿದ್ದಳು. ಗಂಡು ತಾನಾಗಿ ಬಲೆ ನೇಯಲಿಲ್ಲ, ಬೇಟೆಯಾಡಲಿಲ್ಲ. ಹೆಣ್ಣು ತಿಂದು ಬಿಟ್ಟದ್ದನ್ನು ತಿಂದಿತು. ಹೆಣ್ಣು ಕಾಲು ಅಲುಗಿಸಿದರೆ ಎಲೆಯ ಹಿಂದೆ ಸರಿದು ನಿಂತಿತು. ಕಂಡದ್ದನ್ನೆಲ್ಲ ಅವಳು ಗಂಟೆ ನಿಮಿಷ ಸಮೇತ ಬರೆದುಕೊಂಡಳು.

ಐದು ತಿಂಗಳು ಚಿತ್ರ ಬರೆದು, ಕಾಲುಗಳನ್ನು ಅಳೆದು, ಪ್ರಬಂಧ ಸಿದ್ಧ ಮಾಡಿ, ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟು ನಿರ್ದೇಶಕರ ಮೇಜಿನ ಮೇಲಿಟ್ಟಳು. ಸಂಗ್ರಹಾಲಯದಿಂದ ಹೊರಬೀಳುವ ಪ್ರತಿ ಪ್ರಬಂಧಕ್ಕೂ ನಿರ್ದೇಶಕರೇ ಮೊದಲ ಲೇಖಕರು. ಅದು ಕಟ್ಟಡದ ಕಂಬಗಳಷ್ಟೇ ಹಳೆಯ ಪದ್ಧತಿ. ಆದರೆ ಈ ಸಲ ಅವರು ತಮ್ಮ ಹೆಸರನ್ನು ತಾವೇ ಹೊಡೆದು ಹಾಕಿದರು.

"ಕೆಲಸ ನಿಮ್ದು, ಹೆಸರೂ ನಿಮಗೇ ಇರ್ಲಿ" ಅಂದರು.

ಜೇಡಮ್ಮ ಕೈಮುಗಿದಳು. "ಸರ್, ತುಂಬಾ ದೊಡ್ಡ ಮನಸ್ಸು ನಿಮ್ದು."

"ಇರ್ಲಿ ಬಿಡಿ. ಅಂದಹಾಗೆ, ಜೇಡಕ್ಕೆ ಲೇಖಕರು ತಮ್ಮ ಹೆಸರನ್ನೇ ಇಟ್ಕೊಂಡ್ರೆ ಚೆನ್ನಾಗಿರಲ್ಲ, ಅಲ್ವಾ?"

"ಇಲ್ಲ ಸರ್. ಆಡ್ಕೊಂಡು ನಗ್ತಾರೆ."

"ಲೇಖಕರಲ್ಲದವರ ಹೆಸರಾದ್ರೆ?"

"ಅದಕ್ಕೇನೂ ಅಡ್ಡಿ ಇಲ್ಲ."

"ನೋಡಿ ಮತ್ತೆ" ಎಂದು ನಿರ್ದೇಶಕರು ಕಿಟಕಿಯ ಕಡೆ ತಿರುಗಿದರು. ದೊಡ್ಡ ಮನಸ್ಸಿನ ಅಳತೆ ಎಷ್ಟೆಂದು ಜೇಡಮ್ಮನಿಗೆ ಆಗ ಗೊತ್ತಾಯಿತು.

ನಿರ್ದೇಶಕರ ಹೆಸರಿಗೆ ಒಂದು ಲ್ಯಾಟಿನ್ ಬಾಲ ಅಂಟಿಸಿ ಜೇಡಕ್ಕಿಟ್ಟದ್ದಾಯಿತು. ಹೆಸರಿನ ಕಾರಣ ವಿವರಿಸುವ ಪುಟ್ಟ ಪ್ಯಾರಾವನ್ನು ಅವರು ಮೂರು ಸಲ ತರಿಸಿಕೊಂಡರು. ಮೊದಲ ಸಲ 'ದಣಿವರಿಯದ' ಸೇರಿತು, ಎರಡನೆಯ ಸಲ 'ದೂರದೃಷ್ಟಿಯ', ಮೂರನೆಯ ಸಲ 'ವಿನಯಶೀಲ'. ಉಳಿದ ಇಪ್ಪತ್ತಾರು ಪುಟಗಳನ್ನು ಅವರು ಮಗುಚಿಯೂ ನೋಡಲಿಲ್ಲ.

ಪ್ರಬಂಧ ಅಚ್ಚಾಯಿತು. ನಿರ್ದೇಶಕರು ಪತ್ರಿಕೆಯವರನ್ನು ಕರೆಸಿ, ಜೇಡದ ದೊಡ್ಡ ಚಿತ್ರದ ಪಕ್ಕ ತಾವು ನಿಂತರು. ವರದಿಗಾರ್ತಿಯೊಬ್ಬಳು ಹೊರಡುವ ಮುಂಚೆ ಸುಮ್ಮನೆ ಕೇಳಿದಳು. "ಇದು ಏನು ಮಾಡುತ್ತೆ ಮೇಡಂ?" ಜೇಡಮ್ಮನಿಗೆ ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆ ಕೇಳಿದವರೇ ಇರಲಿಲ್ಲ. ಸಂತೋಷವಾಗಿ, ಇದ್ದದ್ದನ್ನು ಇದ್ದಹಾಗೆ ಹೇಳಿದಳು.

ಮರುದಿನದ ಪತ್ರಿಕೆಯ ಶೀರ್ಷಿಕೆ ಹೀಗಿತ್ತು: 'ನಿರ್ದೇಶಕರ ಹೆಸರಿನ ಗಂಡು ಜೇಡ: ಹೆಂಡತಿಯ ಬಲೆಯೇ ಮನೆ, ಎಂಜಲೇ ಊಟ.'

ಬೆಳಿಗ್ಗೆ ಒಂಬತ್ತೂವರೆಗೆಲ್ಲ ಕ್ಯಾಂಟೀನಿನಲ್ಲಿ ಪತ್ರಿಕೆಯ ಒಂದು ಪ್ರತಿಯೂ ಉಳಿದಿರಲಿಲ್ಲ. ಹತ್ತಕ್ಕೆ ನಿರ್ದೇಶಕರ ಪತ್ನಿ ನೆಲಮಾಳಿಗೆಯ ಮೆಟ್ಟಿಲಿಳಿದು ಬಂದರು. ಜೇಡಮ್ಮ ಎದ್ದು ನಿಂತಳು. ಅವರು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತು, ದನಿ ತಗ್ಗಿಸಿ ಕೇಳಿದರು. "ಒಂದು ಮಾತು ನಿಜ ಹೇಳಮ್ಮ. ಇದನ್ನ ಬರೆಯೋಕೆ ಮುಂಚೆ ನೀನು ಯಾವತ್ತಾದ್ರೂ ನಮ್ಮನೆಗೆ ಬಂದಿದ್ಯಾ?"

"ಇಲ್ಲಮ್ಮ. ಖಂಡಿತ ಇಲ್ಲ."

"ಮತ್ತೆ ಹೇಗಮ್ಮ ಇಷ್ಟು ಸರಿಯಾಗಿ ಬರೆದೆ?"

ಅವರು ಹೋದ ಅರ್ಧ ಗಂಟೆಗೆ ಮೇಲಿನಿಂದ ಕರೆ ಬಂತು. ನಿರ್ದೇಶಕರ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು.

"ವಾಪಸ್ ತಗೊಳ್ಳಿ."

"ಏನು ಸರ್?"

"ಹೆಸರು ರೀ. ಬೇರೆ ಯಾರದ್ದಾದ್ರೂ ಇಡಿ. ಚಿಟ್ಟೆ ವಿಭಾಗದ ಮುಖ್ಯಸ್ಥರದ್ದು ಇಡಿ, ಅವರಿಗೆ ತಕ್ಕುದಾಗಿದೆ."

"ಆಗಲ್ಲ ಸರ್. ಒಂದು ಸಲ ಅಚ್ಚಾದ್ರೆ ಮುಗೀತು. ಇಟ್ಟ ನಾನೇ ತೆಗೀತೀನಿ ಅಂದ್ರೂ ಆಗಲ್ಲ, ಪ್ರಪಂಚದಲ್ಲಿ ಎಲ್ಲ ಕಡೆ ಅದೇ ನಿಯಮ."

"ಯಾವ ದಾರೀನೂ ಇಲ್ವಾ?"

ಜೇಡಮ್ಮ ಸ್ವಲ್ಪ ಯೋಚಿಸಿದಳು. "ಒಂದಿದೆ. ಇದೇ ಜೇಡಕ್ಕೆ ಹಿಂದೆ ಯಾರಾದ್ರೂ ಬೇರೆ ಹೆಸರು ಇಟ್ಟಿದ್ರೆ ಹಳೇ ಹೆಸರೇ ಉಳಿಯುತ್ತೆ, ನಿಮ್ಮದು ಬಿದ್ಹೋಗುತ್ತೆ. ಆದ್ರೆ ನಾನು ಎಲ್ಲಾ ನೋಡಿದೀನಿ ಸರ್. ಇದು ಹೊಸದೇ."

"ನೀವು ನೋಡಿದ್ರೆ ಆಯ್ತಾ?" ಅಂದರು ನಿರ್ದೇಶಕರು. "ನಾನೇ ನೋಡ್ತೀನಿ."

ಹೀಗೆ, ಇಪ್ಪತ್ತು ವರ್ಷಗಳಿಂದ ಫೈಲು ಬಿಟ್ಟು ಬೇರೇನನ್ನೂ ತೆರೆದು ನೋಡದ ನಿರ್ದೇಶಕರು ತಮ್ಮ ಹೆಸರಿನ ಜೇಡ ಹೊಸದಲ್ಲವೆಂದು ಸಾಧಿಸಲು ನೆಲಮಾಳಿಗೆಗೆ ಇಳಿದರು. ಮೊದಲ ದಿನ ಸೂಕ್ಷ್ಮದರ್ಶಕದ ದೀಪ ಹಾಕುವುದು ಎಲ್ಲಿ ಎಂದು ಕೇಳಿದರು. ಎರಡನೆಯ ದಿನ ಚಿಮಟದಿಂದ ಹಿಡಿಯಲು ಹೋಗಿ ಒಂದು ಜೇಡದ ಕಾಲು ಮುರಿದು, ಮೇಜಿನ ಮೇಲೆ ಅದನ್ನು ಹುಡುಕುತ್ತ ಮಧ್ಯಾಹ್ನ ಕಳೆದರು. ವಾರದ ಕೊನೆಗೆ ಕೋಟು ಕಳಚಿ ಗೂಟಕ್ಕೆ ನೇತು ಹಾಕಿದರು. ತಿಂಗಳು ಕಳೆಯುವಷ್ಟರಲ್ಲಿ ಅವರ ಕೈ ನಡುಗುವುದು ನಿಂತಿತು. ಕೆಲವೊಮ್ಮೆ ತಮ್ಮಷ್ಟಕ್ಕೆ ತಾವೇ "ಆಹಾ, ಈ ಕೊಕ್ಕೆ ನೋಡಿ" ಎಂದುಕೊಂಡು, ಜೇಡಮ್ಮ ಕೇಳಿಸಿಕೊಂಡಳೆಂದು ಗೊತ್ತಾಗಿ ಕೆಮ್ಮುತ್ತಿದ್ದರು. ಮೇಲಿನ ಮಹಡಿಯ ಅವರ ಕೋಣೆಯಲ್ಲಿ ಊಟದ ಡಬ್ಬಿ ತಣ್ಣಗಾಗುತ್ತಿತ್ತು.

ನಾನೂರಕ್ಕೂ ಹೆಚ್ಚು ಸೀಸೆ ನೋಡಿ ಮುಗಿದರೂ ಹಸಿರು ಪಟ್ಟೆಯ ಜೇಡ ಸಿಗಲಿಲ್ಲ. ಕೊನೆಯ ಕಪಾಟಿನ ಮೇಲ್ಸಾಲಿನಲ್ಲಿ, ಕೆಂಪು ದಾರ ಕಟ್ಟಿದ ಒಂದು ಸೀಸೆ ಇತ್ತು. ಕೆಂಪು ದಾರವೆಂದರೆ ಒಂದು ಪ್ರಭೇದವನ್ನು ಮೊಟ್ಟಮೊದಲು ವಿವರಿಸಲು ಆಧಾರವಾದ ಜೇಡ ಅದರೊಳಗಿದೆ ಎಂದರ್ಥ. ಚೀಟಿಯ ಮೇಲಿನ ಅಕ್ಷರ ನಿರ್ದೇಶಕರದೇ, ಮೂವತ್ತೊಂದು ವರ್ಷದ ಹಿಂದಿನದು. ಅವರ ಬದುಕಿನಲ್ಲಿ ಸ್ವಂತ ಕೈಯಿಂದ ಅವರು ವಿವರಿಸಿದ ಏಕೈಕ ಪ್ರಭೇದ ಅದು. ಅದಕ್ಕೆ ತಮ್ಮ ಗುರುಗಳ ಹೆಸರಿಟ್ಟಿದ್ದರು. ಗುರುಗಳು ಸಂತೋಷಪಟ್ಟು ಈ ಕೆಲಸ ಕೊಡಿಸಿದ್ದರು.

ನಿರ್ದೇಶಕರು ಅಕ್ಕರೆಯಿಂದ ಜೇಡವನ್ನು ತೆಗೆದು ದೀಪದಡಿ ಇಟ್ಟರು. ಒಂದು ಸಲ ನೋಡಿದರು, ದೀಪ ಹತ್ತಿರಕ್ಕೆ ಎಳೆದುಕೊಂಡು ಮತ್ತೆ ನೋಡಿದರು.

"ಸ್ವಲ್ಪ ಇಲ್ಲಿ ಬನ್ನಿ" ಅಂದರು ಕೊನೆಗೆ. "ಇದರ ಕೈತುದಿ ನೋಡಿ. ಆಗ ನಾನು ಬರೆದಿದ್ದೆ, 'ಕೊಕ್ಕೆಯಿಲ್ಲ, ತಿರುವಿಲ್ಲ, ನುಣುಪಾದ ಗುಂಡು. ಇಂಥದ್ದು ಬೇರೆ ಯಾವ ಜೇಡದಲ್ಲೂ ಕಂಡಿಲ್ಲ' ಅಂತ."

ಜೇಡಮ್ಮ ಬಗ್ಗಿ ನೋಡಿದಳು. ನೋಡಿದ ತಕ್ಷಣ ತಿಳಿಯಿತು. ಕಣ್ಣೆತ್ತಿ ನಿರ್ದೇಶಕರ ಮುಖ ನೋಡಿದಳು.

"ಹೇಳಿ ರೀ, ಪರವಾಗಿಲ್ಲ."

"ಇದು ಇನ್ನೂ ಬೆಳೆದಿಲ್ಲ ಸರ್. ಇನ್ನೊಂದು ಸಲ ಪೊರೆ ಬಿಟ್ಟ ಮೇಲೆ ಕೊಕ್ಕೆ ಬರ್ತಿತ್ತು. ಕಣ್ಣಿನ ಸಾಲು, ಕಾಲಿನ ಪಟ್ಟೆ ನೋಡಿದ್ರೆ…"

"ನಮ್ಮ ಬಚ್ಚಲುಮನೆ ಗೋಡೆ ಮೇಲಿರೋದೇ ಇದು."

"ಹೌದು ಸರ್."

ನಿರ್ದೇಶಕರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ಮೀಸೆ ಬರದ ಹುಡುಗನನ್ನ ನೋಡಿ, ಮೀಸೆಯೇ ಇಲ್ಲದ ಹೊಸ ಕುಲ ಕಂಡುಹಿಡಿದೆ ಅಂತ ಊರೆಲ್ಲ ಸಾರಿದ ಹಾಗಾಯ್ತು." ಕನ್ನಡಕ ಮತ್ತೆ ಹಾಕಿಕೊಂಡು ಕೇಳಿದರು. "ಇದು ಯಾರಿಗೆ ಗೊತ್ತಿದೆ?"

"ನಿಮಗೆ. ನನಗೆ."

ಅವರು ಜೇಡವನ್ನು ಸೀಸೆಗೆ ಹಾಕಿ, ಮುಚ್ಚಳ ಬಿಗಿಮಾಡಿ ಅದು ಇದ್ದಲ್ಲೇ ಇಟ್ಟರು. ಕೋಟು ಹಾಕಿಕೊಂಡು ಬಾಗಿಲವರೆಗೆ ಹೋದರು. ಜೇಡಮ್ಮ ತನ್ನ ಮೇಜಿಗೆ ಮರಳಿದಳು. ಇಂಥ ಎಷ್ಟೋ ವಿಷಯಗಳು ಕಪಾಟು ಸೇರಿದ್ದನ್ನು ಅವಳು ನೋಡಿದ್ದಳು. ಬಾಗಿಲಲ್ಲಿ ಅವರು ನಿಂತರು. ಹಿಂತಿರುಗಿ ಬಂದು ಸೀಸೆಯನ್ನು ಮತ್ತೆ ಇಳಿಸಿದರು.

"ನಲವತ್ತು ದಿನ ಇದರಲ್ಲಿ ಮುಳುಗಿ, ಕಣ್ಣಾರೆ ಕಂಡಿದ್ದನ್ನ ಕಂಡಿಲ್ಲ ಅನ್ನೋಕೆ ಆಗ್ತಿಲ್ಲ ಕಣ್ರೀ" ಅಂದರು. "ಎರಡು ಪುಟ ಬರೀತೀನಿ. ಚಿತ್ರ ನೀವು ಬರ್ಕೊಡ್ತೀರಾ? ನಿಮ್ಮ ಹೆಸರು ಮೊದಲು ಹಾಕಿ."

ಬರೆದರು. ತಮ್ಮ ಪ್ರಭೇದ ಪ್ರಭೇದವೇ ಅಲ್ಲ, ಬಚ್ಚಲುಮನೆಯ ಜೇಡದ ಮರಿ ಎಂದು ತಮ್ಮ ಕೈಯಾರೆ ಬರೆದು ಅಚ್ಚಿಗೆ ಕಳಿಸಿದರು. ಕುರ್ಚಿ ಹೋಗಬಹುದೆಂದು ಮೇಜಿನ ಖಾನೆಯನ್ನೂ ಖಾಲಿ ಮಾಡಿಟ್ಟುಕೊಂಡರು.

ಆದದ್ದೇ ಬೇರೆ. ತಪ್ಪೊಪ್ಪಿಕೊಂಡ ನಿರ್ದೇಶಕರನ್ನು ಯಾರೂ ಅಲ್ಲಿಯವರೆಗೆ ಕಂಡಿರಲಿಲ್ಲವಾದ್ದರಿಂದ ಅವರು ಅಪರೂಪದ ಪ್ರಭೇದವೆನಿಸಿದರು. ವಿಜ್ಞಾನಿಗಳ ಸಂಘ 'ಸತ್ಯನಿಷ್ಠೆ'ಗಾಗಿ ಶಾಲು ಹೊದಿಸಿತು. ಮಂತ್ರಿಗಳು ತಪ್ಪು ಮತ್ತು ಸತ್ಯದ ಬಗ್ಗೆ ನಲವತ್ತು ನಿಮಿಷ ಮಾತನಾಡಿ, ಎರಡರಲ್ಲೂ ತಮಗೆ ಅನುಭವವಿದೆ ಎಂಬಂತೆ ತಲೆದೂಗಿದರು. ಚಿಟ್ಟೆ ವಿಭಾಗದ ಮುಖ್ಯಸ್ಥರು ಅದೇ ವಾರ ತಮ್ಮ ಹಳೆಯ ಪ್ರಬಂಧಗಳನ್ನು ತೆಗೆದು, ಒಪ್ಪಿಕೊಳ್ಳಲು ಅನುಕೂಲವಾದ ಸಣ್ಣದೊಂದು ತಪ್ಪಿಗಾಗಿ ಹುಡುಕತೊಡಗಿದರು.

ನಿರ್ದೇಶಕರು ಮಾತ್ರ ನೆಲಮಾಳಿಗೆಗೆ ಬರುವುದನ್ನು ಬಿಡಲಿಲ್ಲ. ಬೆಳಿಗ್ಗೆ ಬಂದು ಮೂಲೆಯ ಸ್ಟೂಲಿನ ಮೇಲೆ ಕೂತರೆ ಸಂಜೆಯವರೆಗೂ ಅಲ್ಲೇ. ಮೇಲೆ ಫೈಲುಗಳು ಸಹಿಗಾಗಿ ಕಾದು ಕಾದು, ಕೊನೆಗೆ ಸಹಿಯಿಲ್ಲದೆಯೇ ಮುಂದಕ್ಕೆ ಹೋಗತೊಡಗಿದವು. ಸಂಗ್ರಹಾಲಯದ ಕೆಲಸ ಅಷ್ಟು ಸರಾಗವಾಗಿ ಹಿಂದೆಂದೂ ನಡೆದಿರಲಿಲ್ಲ ಎಂದು ಗುಮಾಸ್ತರು ಮಾತಾಡಿಕೊಂಡರು.

ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಜೇಡಮ್ಮನ ಬಳಿ ಇನ್ನೂ ಮೂರು ಹೊಸ ಜೇಡಗಳಿದ್ದವು. ಸುದ್ದಿ ಮೇಲಿನ ಮಹಡಿಗೂ ತಲುಪಿತು. ಆದರೆ ಜೇಡಕ್ಕೆ ತಮ್ಮ ಹೆಸರಿಡಲಿ ಎಂಬ ಆಸೆಯಿಂದ ಯಾವ ವಿಭಾಗದ ಮುಖ್ಯಸ್ಥರೂ ಕೆಳಗೆ ಬರಲಿಲ್ಲ. ಒಬ್ಬರಂತೂ ಮೆಟ್ಟಿಲ ಮೇಲೆ ಎದುರಾದಾಗ, "ನನ್ನ ಹೆಸರು ಉಚ್ಚರಿಸೋಕೇ ಕಷ್ಟಮ್ಮ" ಎಂದು ಕೇಳದೆಯೇ ಹೇಳಿ ಗೋಡೆಗೆ ಸರಿದು ದಾರಿ ಬಿಟ್ಟರು.

ಜೇಡಮ್ಮ ಕೋಣೆಯ ಬಾಗಿಲು ಮುಚ್ಚಿ, ಪೆನ್ನು ಕೈಗೆತ್ತಿಕೊಂಡಳು. ಒಂದಕ್ಕೆ ಅದರ ಬಣ್ಣದ ಹೆಸರಿಟ್ಟಳು, ಇನ್ನೊಂದಕ್ಕೆ ಅದು ವಾಸಿಸುವ ಪಾಚಿಯದು. ಮೂರನೆಯದಕ್ಕೆ ಏನಿಡುವುದೆಂದು ತಿಳಿಯದೆ ಸ್ಟೂಲಿನ ಕಡೆ ತಿರುಗಿದಳು.

"ಅದರ ನಡಿಗೆ ಹೇಗಿದೆ?" ಎಂದು ನಿರ್ದೇಶಕರು ಸೂಕ್ಷ್ಮದರ್ಶಕದಿಂದ ಕಣ್ಣೆತ್ತದೆ ಕೇಳಿದರು.

"ಹಿಮ್ಮುಖವಾಗಿ ಓಡುತ್ತೆ ಸರ್, ತುಂಬಾ ಜೋರಾಗಿ."

"ಹಾಗಾದ್ರೆ ಅದನ್ನೇ ಇಡಿ" ಅಂದರು ಅವರು. ಅವಳು ಹಾಗೆಯೇ ಬರೆದಳು.