ಬೀದಿಯಡಿಯ ಸೀಮೆಎಣ್ಣೆ

ಕಾಲ್ಯು ಗೇಟಿಗೆ ಒರಗಿ ನಿಂತಿದ್ದ. ಚಿಲಕ ತೆಗೆಯಲಿಲ್ಲ.

"ಮೊದ್ಲು ಸರಿಯಾಗಿ ಕೇಳು."

ಜಿನಾಯಿದಾ ಕ್ಯಾನನ್ನು ನೆಲಕ್ಕಿಟ್ಟು, ತನಗೆ ಬಂದಷ್ಟು ಎಸ್ಟೋನಿಯನ್ ಭಾಷೆಯಲ್ಲಿ ಕೇಳಿದಳು. "ಯಜಮಾನ್ರೇ, ಒಂದು ಕ್ಯಾನು ನೀರು ಕೊಡ್ತೀರಾ?"

"ಥೂ, ಹಂದಿ ಗುಟುರು ಹಾಕಿದ ಹಾಗಿದೆ. ಅರ್ಧ ಆಯಸ್ಸು ನಮ್ಮ ರೊಟ್ಟಿ ತಿಂದಿದೀಯ, ನಾಲಿಗೆ ಮಾತ್ರ ಇನ್ನೂ ಮಾಸ್ಕೋದಲ್ಲೇ ಇದೆ. ಇನ್ನೊಂದ್ಸಲ ಹೇಳು."

ಬೇಲಿಯಾಚೆ ನೆರೆಯವರು ಕಿಸಕ್ಕೆಂದರು. ಅವಳು ಇನ್ನೊಮ್ಮೆ ಕೇಳಿದಳು, ಮತ್ತೊಮ್ಮೆ ಕೇಳಿದಳು. ಸಾಕೆನಿಸಿದ ಮೇಲೆ ಕಾಲ್ಯು ಚಿಲಕ ತೆಗೆದ. ಆ ಬೀದಿಯಲ್ಲಿ ಕುಡಿಯಲು ಬರುವಂತಿದ್ದದ್ದು ಅವನ ಬಾವಿಯೊಂದೇ. ಅವನು ಪೇಟೆಗೆ ಹೋದ ದಿನ ಅವನ ಹೆಂಡತಿ ಹೆಲ್ವೆ ಒಂದು ಮಾತೂ ಕೇಳದೆ ಕ್ಯಾನು ತುಂಬಿಸಿಕೊಡುತ್ತಿದ್ದಳು. ಅಂಥ ದಿನಗಳಿಗಾಗಿ ಜಿನಾಯಿದಾ ಕಾಯುತ್ತಿದ್ದಳು.

ಬೀದಿಯ ಹಿಂದೆ ಸೋವಿಯತ್ ಸೈನ್ಯದ ವಿಮಾನ ನೆಲೆ ಇತ್ತು. ಸೈನ್ಯ ಹೋಯಿತು, ರನ್‌ವೇಯ ಬಿರುಕುಗಳಲ್ಲಿ ಹುಲ್ಲು ಬೆಳೆಯಿತು, ಮಣ್ಣಿಗಿಳಿದು ಬಾವಿಗಳನ್ನು ಕೆಡಿಸಿದ ವಿಮಾನದ ಇಂಧನ, ಆ ಸೀಮೆಎಣ್ಣೆ, ಮಾತ್ರ ಉಳಿಯಿತು. ಜಿನಾಯಿದಾಳ ಗಂಡ ಗೆನ್ನಾದಿ ಅಲ್ಲಿ ಮೆಕ್ಯಾನಿಕ್ ಆಗಿದ್ದ. ತಿಂಗಳ ಕೊನೆಗೆ ಇಂಧನ ಮಿಕ್ಕಿದರೆ ಮುಂದಿನ ತಿಂಗಳ ಪಾಲು ಕಡಿಮೆಯಾಗುತ್ತಿತ್ತು. ಹಾಗಾಗಿ ಅಧಿಕಾರಿಯ ಅಪ್ಪಣೆಯಂತೆ ಮಿಕ್ಕಿದ್ದನ್ನು ಕಾಡಂಚಿನ ಗುಂಡಿಗೆ ಸುರಿದು ಬರುತ್ತಿದ್ದ. ಅವನ ಕೋಟು ಒಗೆದವಳು ಅವಳೇ. ಅವಳಿಗೆ ಗೊತ್ತಿತ್ತು, ಬೀದಿಗೂ ಗೊತ್ತಿತ್ತು. ಗೆನ್ನಾದಿ ಸತ್ತ. ರಷ್ಯಾದಲ್ಲಿ ಅವಳಿಗೆ ಅಂತ ಯಾರೂ ಇರಲಿಲ್ಲ, ಹಾಗಾಗಿ ಇಲ್ಲೇ ಉಳಿದಳು.

ಅಂತರ್ಜಲದ ತಪಾಸಣೆಗೆ ಬೀದಿಯುದ್ದಕ್ಕೂ ಅಲ್ಲಲ್ಲಿ ಕಬ್ಬಿಣದ ಕೊಳವೆ ಇಳಿಸಿದ್ದರು. ವಸಂತದಲ್ಲೊಮ್ಮೆ, ಎಲೆ ಉದುರುವಾಗೊಮ್ಮೆ ಜಿಲ್ಲಾ ಪಟ್ಟಣದಿಂದ ಮೈಮು ಎಂಬ ಹೆಂಗಸು ಬಂದು ನೀರೆತ್ತಿ ನೋಡುತ್ತಿದ್ದಳು. ಜಿನಾಯಿದಾಳ ಅಂಗಳದ ಕೊಳವೆಯಲ್ಲಿ ಯಾವಾಗಲೂ ನೀರಿನ ಮೇಲೆ ಬೆರಳುದ್ದ ಎಣ್ಣೆ. ಆ ಶರತ್ಕಾಲದಲ್ಲಿ ಕಾಲ್ಯುವಿನ ಬೇಲಿ ಪಕ್ಕದ ಕೊಳವೆಯಿಂದ ತೆಗೆದದ್ದನ್ನು ಮೈಮು ಬೆಳಕಿಗೆ ಹಿಡಿದು, ಮೂಸಿ, ಅವನನ್ನು ಕರೆದಳು.

"ಮಾವ, ಇವತ್ತಿಂದ ನಿಮ್ಮ ಬಾವಿ ನೀರು ಕುಡೀಬೇಡಿ."

"ಏನು? ನನ್ನ ಬಾವೀನಾ? ಇಷ್ಟು ವರ್ಷ ಸ್ಫಟಿಕದ ಹಾಗಿತ್ತು!"

"ನೆಲದೊಳಗಿನ ನೀರು ನಿಂತಲ್ಲೇ ನಿಲ್ಲಲ್ಲ ಮಾವ. ಮೆಲ್ಲಗೆ ನಡೀತಾ ಇರುತ್ತೆ, ಎಣ್ಣೆನೂ ಜೊತೆಗೆ ಬರುತ್ತೆ."

"ನಡೆದು ಬರಲ್ಲ ಕಣಮ್ಮ. ಯಾರೋ ಹೊತ್ತು ತಂದು ಹಾಕಿದಾರೆ."

ಹಾಗೆನ್ನುತ್ತ ಅವನು ಗೇಟಿನತ್ತ ನೋಡಿದ. ಅಲ್ಲಿ ಜಿನಾಯಿದಾ ಖಾಲಿ ಕ್ಯಾನು ಹಿಡಿದು ನಿಂತಿದ್ದಳು.

ಮೈಮು ಮಾದರಿಯನ್ನು ಪ್ರಯೋಗಾಲಯಕ್ಕೆ ಒಯ್ದಳು. ಫಲಿತಾಂಶ ಬರುವವರೆಗೆ ಕಾಯುವ ತಾಳ್ಮೆ ಬೀದಿಗಿರಲಿಲ್ಲ. ಭಾನುವಾರ ನೆರೆಯವರೆಲ್ಲ ಜಿನಾಯಿದಾಳ ಅಂಗಳಕ್ಕೆ ನುಗ್ಗಿದರು. ಕಾಲ್ಯು ಅವಳ ಬಾವಿಯಿಂದಲೇ ಬಕೆಟ್ ಎಳೆದು, ಮೇಲೆ ತೇಲುವುದನ್ನು ಲೋಟದಲ್ಲಿ ಬಳಿದ.

"ನಿನ್ನ ಗಂಡನ ಅಡುಗೆ. ರುಚಿ ನೋಡು."

"ನಾನು ಹಾಕಿಲ್ಲ. ದೇವರಾಣೆ, ನಾನು ಹಾಕಿಲ್ಲ."

"ಯಾವ ದೇವರು? ನಿಮ್ಮವನೋ, ನಮ್ಮವನೋ?" ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

ಅವಳು ಹೆಲ್ವೆಯನ್ನು ಹುಡುಕಿದಳು. ಹೆಲ್ವೆ ಗುಂಪಿನಿಂದ ಈಚೆ ಬಂದಳು, ಗಂಡನ ಕೈಯಿಂದ ಲೋಟ ತೆಗೆದುಕೊಂಡಳು. ಚೆಲ್ಲಿಬಿಡುತ್ತಾಳೆ ಎಂದುಕೊಂಡು ಜಿನಾಯಿದಾಳಿಗೆ ಹೋದ ಜೀವ ಬಂದಂತಾಯಿತು.

"ಒಂದು ಗುಟುಕು ಕುಡಿದುಬಿಡು," ಎಂದಳು ಹೆಲ್ವೆ, ಮಗುವಿಗೆ ಔಷಧಿ ಕುಡಿಸುವ ದನಿಯಲ್ಲಿ. "ಅಲ್ಲಿಗೆ ಮುಗಿಯುತ್ತೆ. ಎಲ್ಲರೂ ಮನೆಗೆ ಹೋಗ್ತಾರೆ."

ಜಿನಾಯಿದಾ ಕುಡಿದಳು. ಗಂಟಲು ಹತ್ತಿ ಉರಿಯಿತು, ಕೆಮ್ಮು ಒತ್ತರಿಸಿ ಬಂದು ಎಣ್ಣೆ ಉಸಿರಿನ ದಾರಿ ಹಿಡಿಯಿತು. ಅವಳು ಮಂಡಿಯೂರಿ ಕುಸಿದಾಗ ನಗು ನಿಂತಿತು. ಹೆಲ್ವೆ ಹೇಳಿದ್ದು ನಿಜವಾಯಿತು. ಎಲ್ಲರೂ ಮನೆಗೆ ಹೋದರು. ಆಂಬುಲೆನ್ಸಿಗೆ ಫೋನು ಮಾಡಿದ್ದು ದಾರಿಯಲ್ಲಿ ಬರುತ್ತಿದ್ದ ಅಂಚೆಯವಳು.

ಚಳಿಗಾಲವೆಲ್ಲ ಆಸ್ಪತ್ರೆಯಲ್ಲೇ ಕಳೆಯಿತು. ಜೀವ ಉಳಿಯಿತು, ಆದರೆ ಶ್ವಾಸಕೋಶ ಮೊದಲಿನಂತಾಗಲಿಲ್ಲ. ನಾಲ್ಕು ಹೆಜ್ಜೆಗೆ ಒಮ್ಮೆ ಗೋಡೆ ಹಿಡಿಯಬೇಕಾಯಿತು.

ಅವಳು ಮನೆಗೆ ಮರಳುವ ಹೊತ್ತಿಗೆ ಬೀದಿಗೆ ನಲ್ಲಿ ನೀರು ಬಂದಿತ್ತು. ಒಳ್ಳೆಯ ಬಾವಿ ಒಂದಿದ್ದಷ್ಟು ದಿನ ಕಿವಿಗೊಡದ ಪುರಸಭೆ, ಅದೂ ಕೆಟ್ಟ ಮೇಲೆ ಕೊಳಾಯಿ ಎಳೆಸಿತ್ತು. ಫಲಿತಾಂಶವನ್ನೂ ಮೈಮು ಎಲ್ಲರ ಮುಂದೆ ಹೇಳಿಯಾಗಿತ್ತು. ಕಾಲ್ಯುವಿನ ಬಾವಿಗೆ ಬಂದದ್ದು ಎಷ್ಟೋ ವರ್ಷ ಮಣ್ಣಲ್ಲಿ ಕೊಳೆತ ಹಳೇ ಇಂಧನ, ತಾನಾಗಿ ಹರಿದು ಬಂದದ್ದು, ಯಾರೂ ಸುರಿದದ್ದಲ್ಲ. ಕಾಲ್ಯು ಕೇಳಿ ಭುಜ ಕುಣಿಸಿದ್ದನಂತೆ. "ಇವಳು ಸುರಿಯದಿದ್ರೆ ಇವಳ ಗಂಡ ಸುರಿದದ್ದು. ನಾನು ಮಾಡಿದ ತಪ್ಪಾದ್ರೂ ಏನು?"

"ಪೊಲೀಸರಿಗೆ ದೂರು ಕೊಡಮ್ಮ, ನಾನು ಜೊತೆಗೆ ಬರ್ತೀನಿ," ಎಂದಳು ಮೈಮು, ಅಂಗಳದ ಕೊಳವೆಯ ಮುಚ್ಚಳ ಬಿಗಿಯುತ್ತ.

"ಬೇಡ. ಒಂದು ಮಾತು ಹೇಳು. ಕಾಲ್ಯು ಮನೆ ದಾಟಿ ಆ ಎಣ್ಣೆ ಯಾವ ಕಡೆ ಹೋಗುತ್ತೆ?"

"ಬರ್ಚ್ ತೋಪಿನ ಕಡೆ. ಅಲ್ಲಿಗೆ ಮುಟ್ಟೋಕೆ ಮೂರ್ನಾಲ್ಕು ವರ್ಷ ಹಿಡೀಬಹುದು. ಅಲ್ಲಿ ಯಾರೂ ಇಲ್ಲ ಅಂತ ನಾವು ಕೊಳವೆನೂ ಹಾಕಿಲ್ಲ."

ಮರುವಾರ ಹೆಲ್ವೆ ರೈ ಹಿಟ್ಟಿನ ಬ್ರೆಡ್ಡು ಬೇಯಿಸಿ ತಂದಳು. ಆ ಭಾನುವಾರದ ಸುದ್ದಿ ಎತ್ತಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಕೈ ಹಿಸುಕಿಕೊಳ್ಳುತ್ತ ಮಗಳ ವಿಷಯ ತೆಗೆದಳು.

"ನಮ್ಮ ಅನ್ನೇಲಿ ತಾಲಿನ್ ನಗರ ಬಿಟ್ಟು ಇಲ್ಲಿಗೇ ಬರ್ತಿದಾಳೆ, ಬಸುರಿ ಬೇರೆ. ಬರ್ಚ್ ತೋಪಲ್ಲಿ ಮನೆ ಕಟ್ತಾರಂತೆ. ಅಷ್ಟು ದೂರಕ್ಕೆ ಪುರಸಭೆ ನೀರು ಬರಲ್ಲ, ಬಾವಿ ತೋಡಿಸ್ತಾರೆ. ಜಾಗ ಚೆನ್ನಾಗಿದೆ, ಅಲ್ವಾ?"

ಜಿನಾಯಿದಾ ಬ್ರೆಡ್ಡು ಮುರಿದಳು. ಇನ್ನೂ ಬಿಸಿಯಿತ್ತು. ಬಾಯಿಗಿಟ್ಟು ನಿಧಾನಕ್ಕೆ ಅಗಿದಳು. ಎಷ್ಟೋ ತಿಂಗಳ ಮೇಲೆ ಎದೆಯಲ್ಲಿ ಏನೋ ಸಡಿಲವಾಗಿ, ಉಸಿರು ಸರಾಗವಾಗಿ ಆಡಿದಂತೆನಿಸಿತು.

"ಒಳ್ಳೇ ಜಾಗ," ಎಂದಳು. "ಬೇಗ ಕಟ್ಟಿಸಲಿ."