ತುಲಾಭಾರದಲ್ಲಿ ಉಳಿದ ಬೆಲ್ಲ

ಕೂಸನ್ನು ತೂಗಿದರೆ ದೃಷ್ಟಿ ತಾಕುತ್ತದೆ, ಅಳೆದರೆ ಬೆಳವಣಿಗೆ ನಿಲ್ಲುತ್ತದೆ. ಹೀಗೆ ಹೇಳುವ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು. ಉಪ್ಪಲ್‌ನ ಸುಂದರಾಬಾಯಿ ಅಂಥವರೇ. ಅವರಲ್ಲಿ ಪ್ರೀತಿಗೆ ಕೊರತೆಯಿಲ್ಲ, ಹಟಕ್ಕೂ ಇಲ್ಲ.

ಅವರ ಮೊಮ್ಮಗಳು ಮಂದಾರ ಹುಟ್ಟುವಾಗಲೇ ಒಂದು ವೈರಸ್ ಸೋಂಕು ಹೊತ್ತು ಬಂದವಳು. ಡಾಕ್ಟರರು ಅದನ್ನು ಸಿಎಂವಿ ಎಂದರು. ತಿಂಗಳಿಗೊಮ್ಮೆ ತೂಕ, ಉದ್ದ, ತಲೆಯ ಸುತ್ತಳತೆ ನೋಡಿಸಿ, ಕಿವಿಯನ್ನೂ ಮತ್ತೆ ಮತ್ತೆ ಪರೀಕ್ಷೆ ಮಾಡಿಸಿ ಎಂದು ಹೇಳಿ ಕಳಿಸಿದ್ದರು. ಮೊದಮೊದಲು ಹೋದರು. ಆಸ್ಪತ್ರೆಯ ಸಾಲಿನಲ್ಲಿ ಯಾರೋ "ಇಷ್ಟು ಸಣ್ಣ ಕೂಸಾ?" ಎಂದು ಉದ್ಗಾರ ತೆಗೆದರು. ಅಲ್ಲಿಗೆ ಸುಂದರಾಬಾಯಿ ಹೋಗುವುದನ್ನೇ ನಿಲ್ಲಿಸಿದರು. ಮಗ ಸತೀಶ ತಾಯಿಯ ಮಾತು ಮೀರಲಿಲ್ಲ.

ಸೊಸೆ ಶುಭಾಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮಗು ಆಡುತ್ತಿದ್ದರೆ ಹಿಂದಿನಿಂದ ಮೆಲ್ಲಗೆ ಕರೆಯುವಳು. ತಿರುಗಿದರೆ ಜೀವ ಬಂದಂತೆ, ತಿರುಗದಿದ್ದರೆ ಮತ್ತೊಮ್ಮೆ ಜೋರಾಗಿ ಕರೆಯುವಳು.

"ಅತ್ಯಾರ, ಒಮ್ಮೆ ಕಿವಿ ತೋರಿಸಿಕೊಂಡು ಬರೋಣರಿ. ಕರದ್ರ ನೋಡವಲ್ಲದು."

"ಹುಟ್ಟಿದಾಗ ಕಿವಿ ಛಲೋ ಐತಿ ಅಂತ ಅವರೇ ಹೇಳಿಲ್ಲೇನು? ಆಟದಾಗ ಮೈಮರತಿರತೈತಿ. ಸುಮ್ಮನ ಚಿಂತಿ ಮಾಡಬ್ಯಾಡ. ವರ್ಷ ತುಂಬಿದ ದಿನ ಮಠದಾಗ ಬೆಲ್ಲದ ತುಲಾಭಾರ ಬೇಡಿಕೊಂಡೀನಿ. ಎಲ್ಲಾ ಸರಿ ಆಗತೈತಿ."

ಹುಟ್ಟುಹಬ್ಬ ಬಂತು. ಸುಂದರಾಬಾಯಿ ಬೇಗಂ ಬಜಾರಿನಿಂದ ಒಂದೊಂದೂ ಕಿಲೋ ತೂಗುವ ಹತ್ತು ಬೆಲ್ಲದ ಪೆಂಟಿ ತರಿಸಿದ್ದರು. "ನನ್ನ ಸತೀಶ ವರ್ಷಕ್ಕ ಇಷ್ಟ ಇದ್ದ" ಎಂದು ಜಂಬದಿಂದ ಹೇಳಿಕೊಂಡರು. ಜೊತೆಗೆ ಪಕ್ಕದ ಮನೆಯ ವೇದವತಿಯೂ ಬಂದಿದ್ದರು. ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು ಅವರು.

ಮಠದಲ್ಲಿ ತಕ್ಕಡಿಯ ಒಂದು ತಟ್ಟೆಯಲ್ಲಿ ಮಂದಾರಳನ್ನು ಕೂರಿಸಿದರು. ಇನ್ನೊಂದರಲ್ಲಿ ಬೆಲ್ಲ ಇಡತೊಡಗಿದರು. ಆರು ಪೆಂಟಿಗೆ ತಟ್ಟೆಗಳು ಸಮವಾದವು. ಏಳನೆಯದು ಇಟ್ಟಕೂಡಲೇ ಕೂಸಿನ ತಟ್ಟೆ ಮೇಲೆದ್ದುಬಿಟ್ಟಿತು. ಅಷ್ಟರಲ್ಲಿ ಹಿಂದಿನಿಂದ ಜಾಗಟೆ ಬಾರಿಸಿದರು. ಅಲ್ಲಿದ್ದ ಬೇರೆ ಕೂಸುಗಳು ಬೆಚ್ಚಿ ಅತ್ತವು. ಮಂದಾರ ಕಣ್ಣು ಕೂಡ ಮಿಟುಕಿಸಲಿಲ್ಲ, ತಟ್ಟೆಯ ಸರಪಳಿ ಹಿಡಿದು ಆಡುತ್ತಿದ್ದಳು.

ಸುಂದರಾಬಾಯಿಯ ಕೈ ಚೀಲದಲ್ಲೇ ಉಳಿಯಿತು. ಅದರಲ್ಲಿ ಇನ್ನೂ ಬೆಲ್ಲವಿತ್ತು.

"ವೇದವತಿಬಾಯಿ, ಇದೇನ್ರಿ ಇದು? ಅಕಿಗೆ ಏನೂ ಕೇಳಸಲಿಲ್ಲೇನು?"

"ಇದನ್ನಽ ಡಾಕ್ಟರು ಮತ್ತ ಮತ್ತ ನೋಡಬೇಕಂದಿದ್ರು. ಈ ಸೋಂಕು ಇದ್ದ ಕೆಲವು ಕೂಸುಗಳಿಗೆ ಹುಟ್ಟಿದಾಗ ಕಿವಿ ಸರಿ ಇರತೈತಿ, ಆಮ್ಯಾಲೆ ಕಡಿಮಿ ಆಗತೈತಿ. ತೂಕನೂ ಹಿಂದ ಬೀಳಬಹುದು. ಲಗೂನ ಗೊತ್ತಾದ್ರ ದಾರಿ ಐತ್ರಿ."

"ಬಸುರಿದ್ದಾಗ ಇಕಿ ಏನರ ಹೆಚ್ಚುಕಡಿಮಿ ಮಾಡಿಕೊಂಡಳೇನು?" ಸುಂದರಾಬಾಯಿ ಸೊಸೆಯತ್ತ ನೋಡಿದರು.

ವೇದವತಿಗೆ ಸಿಟ್ಟು ಬಂತು. "ಹಂಗನಬ್ಯಾಡ್ರಿ! ಭಾಳ ಮಂದಿಗೆ ಈ ವೈರಸ್ ಬಂದು ಹೋಗಿದ್ದಽ ಗೊತ್ತಾಗಂಗಿಲ್ಲ. ಶುಭಾನ ತಪ್ಪು ಏನೂ ಇಲ್ಲ. ದೇವರ ಮುಂದ ಈಗ ಕೂಸಿನ್ನ ತೂಗಿದ್ರಲ್ಲ, ದೃಷ್ಟಿ ತಾಕಿತೇನು? ಮತ್ತ ಡಾಕ್ಟರ ಮುಂದ ತೂಗಿದ್ರ ಹ್ಯಾಂಗ ತಾಕತೈತಿ?"

ಶುಭಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಸುಂದರಾಬಾಯಿ ಬೆಲ್ಲದ ಚೀಲ ಕೆಳಗಿಟ್ಟರು. ಆಮೇಲೆ ಮೊಮ್ಮಗಳನ್ನು ತಟ್ಟೆಯಿಂದ ಎತ್ತಿ ಸೊಸೆಯ ಮಡಿಲಿಗೆ ಕೊಟ್ಟರು.

"ನಾಳೆ ಹೋಗೋಣವ್ವಾ. ನಾನೂ ಬರತೀನಿ."

ಪರೀಕ್ಷೆಯಲ್ಲಿ ಮಂದಾರಳಿಗೆ ಎರಡೂ ಕಿವಿ ಮಂದವಾಗಿರುವುದು ತಿಳಿಯಿತು. ಶ್ರವಣ ಯಂತ್ರ ಹಾಕಿದರು. ಏನು ಉಣಿಸಬೇಕು, ಹೇಗೆ ಆಡಿಸಬೇಕು, ಮಾತು ಹೇಗೆ ಕಲಿಸಬೇಕು ಎಂದು ಹೇಳಿಕೊಟ್ಟರು. ಯಂತ್ರ ಹಾಕಿದ ದಿನ ಸುಂದರಾಬಾಯಿ ಹಿಂದೆ ನಿಂತು "ಮಂದಾರಾ" ಎಂದರು. ಕೂಸು ಆಟ ನಿಲ್ಲಿಸಿತು. ನಿಧಾನವಾಗಿ ತಿರುಗಿ ನೋಡಿತು. ಅಜ್ಜಿ ಅಲ್ಲೇ ಕೂತು ಅತ್ತರು. ಶುಭಾ ಹತ್ತಿರ ಬಂದಾಗ ಅವಳ ಕೈ ಹಿಡಿದು, "ನೀ ಅಂದಾಗನಽ ನಾ ಕೇಳಬೇಕಿತ್ತು" ಎಂದರು.

ಮಂದಾರ ಇನ್ನೂ ಸಣ್ಣವಳೇ. ಶುಭಾಳ ಆತಂಕ ಪೂರ್ತಿ ಹೋಗಿಲ್ಲ. ಆದರೆ ತೂಕದ ದಿನ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಲ್ಲುವವರು ಸುಂದರಾಬಾಯಿ. ಮುಂದಿನ ವರ್ಷ ಮತ್ತೆ ತುಲಾಭಾರವಂತೆ. ತಂದ ಬೆಲ್ಲ ಕೂಸಿನ ತೂಕಕ್ಕೆ ಕಡಿಮೆ ಬೀಳಲಿ ಎಂಬುದೇ ಅವರ ಹೊಸ ಹರಕೆ.

ತಾಯಂದಿರೇ, ಅಜ್ಜಿಯರೇ, ನಿಮ್ಮ ಮನೆಯ ಕೂಸು ಇಂಥ ಸೋಂಕಿನೊಂದಿಗೆ ಹುಟ್ಟಿದ್ದರೆ ತಾಯಿಯನ್ನು ದೂರಬೇಡಿ. ಹುಟ್ಟಿದಾಗ ಕಿವಿ ಸರಿಯಿತ್ತೆಂದು ಸುಮ್ಮನೆ ಕೂರಬೇಡಿ, ಡಾಕ್ಟರರು ಹೇಳಿದ ದಿನ ತಪ್ಪಿಸಬೇಡಿ. ಈ ವೈರಸ್ ಚಿಕ್ಕ ಮಕ್ಕಳ ಜೊಲ್ಲು, ಉಚ್ಚೆಯಿಂದ ಹರಡಬಹುದು. ಬಸುರಿಯರು ಚಿಕ್ಕ ಮಕ್ಕಳ ಎಂಜಲು ತಿನ್ನದಿರಿ, ಅವರ ಜೊಲ್ಲು, ಉಚ್ಚೆ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ದೃಷ್ಟಿ ತೆಗೆಯಬೇಕೆನಿಸಿದರೆ ಧಾರಾಳವಾಗಿ ತೆಗೆಯಿರಿ, ಯಾರೂ ಬೇಡವೆನ್ನುವುದಿಲ್ಲ. ಕೂಸನ್ನು ತೂಗಿಸಿಕೊಂಡು ಮನೆಗೆ ಬಂದ ಮೇಲೆ ತೆಗೆಯಿರಿ.