ನಾಲ್ಕನೆಯ ಹೆಗಲು

"ಕಿಟಕಿ ಏರಿಸು," ಎಂದರು ಅಪ್ಪ.

ಕಿಟಕಿ ಏರಿಯೇ ಇತ್ತು. ಅವನು ಹಿಡಿಯನ್ನು ಸುಮ್ಮನೆ ಒಮ್ಮೆ ತಿರುಗಿಸಿದ. ಅಪ್ಪ ಸಮಾಧಾನದಿಂದ ಮಫ್ಲರ್ ಸರಿಮಾಡಿಕೊಂಡರು. ನಲವತ್ತಾರು ವರ್ಷಗಳಲ್ಲಿ ಅಪ್ಪನೊಡನೆ ಬಾಳಲು ಅವನು ಕಲಿತದ್ದು ಇಷ್ಟೇ: ಮುಚ್ಚಿರುವುದನ್ನೇ ಇನ್ನೊಮ್ಮೆ ಮುಚ್ಚುವುದು.

ಕಾರಿನ ಹೀಟರು ಕೆಟ್ಟಿತ್ತು. ಹಿಂದಿನ ಸೀಟಿನಲ್ಲಿ ಹೆಂಡತಿ, ಹತ್ತು ವರ್ಷದ ಮಗಳು, ಅಪ್ಪನ ತಂಗಿಯಾದ ಅತ್ತೆ. ಮೂವರ ಉಸಿರೂ ಗಾಜಿಗೆ ಹತ್ತಿ, ಹೊರಗಿನ ಮಂಜು ಒಳಗೇ ಬಂದು ಕೂತಂತಿತ್ತು. ರಸ್ತೆಯಂಚಿನ ಹುಲ್ಲು ಬಿಳಿಚಿ ಸೆಟೆದು ನಿಂತಿತ್ತು. ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಬುದ್ಧಿಯಿರುವವರು ಯಾರೂ ಹಾಸಿಗೆ ಬಿಟ್ಟು ಏಳುವ ಚಳಿಯಲ್ಲ.

ಇವರು ತಾತನ ಸಮಾಧಿ ಹುಡುಕಲು ಹೊರಟಿದ್ದರು.

ಹೋದ ವಾರ ಡಾಕ್ಟರ ಹತ್ತಿರ ಹೋಗಿಬಂದ ಮೇಲೆ ಅಪ್ಪ ಊಟದ ಮೇಜಿನಲ್ಲಿ ತೀರ್ಪು ಕೊಟ್ಟಿದ್ದರು. "ನನ್ನನ್ನೂ ಅಲ್ಲೇ ಮಲಗಿಸಬೇಕು. ನಮ್ಮಪ್ಪನ ಪಕ್ಕ. ಒಂದು ಸಲ ಎಲ್ಲರೂ ಹೋಗಿ ಜಾಗ ನೋಡ್ಕೊಂಡು ಬರೋಣ." ಬಾಡಿಗೆ ಮನೆ ನೋಡಲು ಹೋಗುವವರ ಹಾಗೆ.

"ಪಕ್ಕದಲ್ಲಿ ಜಾಗ ಇನ್ನೂ ಇರುತ್ತಾ ಮಾವ?" ಎಂದು ಹೆಂಡತಿ ಈಗ ಕೇಳಿದಳು.

"ಅಪ್ಪನ್ನ ಹೊತ್ತವನು ನಾನು. ನನಗಿಲ್ಲದ ಜಾಗ ಇನ್ಯಾರಿಗೆ?"

"ತುಂಬಾ ಭಾರ ಇತ್ತಾ ತಾತ?" ಎಂದಳು ಮಗಳು.

ಅವಳಿಗೆ ಉತ್ತರ ಗೊತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ ಅಪ್ಪ ಬಲಗೈಯನ್ನು ಹೆಗಲ ಮೇಲಿಟ್ಟುಕೊಂಡು ಶುರುಮಾಡಿದರು. ಇಪ್ಪತ್ತೆರಡು ವರ್ಷದ ಹುಡುಗ. ಇಂಥದೇ ಚಳಿ. ಮನೆಯಿಂದ ಸ್ಮಶಾನಕ್ಕೆ ಮೂರು ಮೈಲಿ. ಕಾಲಡಿಯಲ್ಲಿ ಹೆಪ್ಪುಗಟ್ಟಿದ ಕೆಸರು. "ಚಟ್ಟದ ನನ್ನ ಮೂಲೆ ತಗ್ಗಿತಗ್ಗಿ ಬರ್ತಿತ್ತು ಮಗೂ. ಹಿಂದಿದ್ದವನು ಬೈತಿದ್ದ. ಆದ್ರೂ ಒಂದು ಸಲಾನೂ ಕೆಳಗಿಳಿಸಲಿಲ್ಲ."

ಅತ್ತೆ ಕಿಟಕಿಯ ಗಾಜನ್ನು ಸೆರಗಿನಿಂದ ಒರೆಸಿ ಹೊರಗೆ ನೋಡಿದರು.

ಆ ಹೆಗಲು ಅವರ ಮನೆಯಲ್ಲಿ ಒಬ್ಬ ಸದಸ್ಯನಿದ್ದಂತೆ. ಅವನು ಗಣಿತದಲ್ಲಿ ಫೇಲಾದಾಗ ಅದು ಮಾತಾಡಿತ್ತು. ಅಮ್ಮನನ್ನು ಆಸ್ಪತ್ರೆಗೆ ಸೇರಿಸುವಾಗ ಅವನು ಅರ್ಧ ಗಂಟೆ ತಡಮಾಡಿದ್ದಕ್ಕೆ ಅದು ಹತ್ತು ವರ್ಷ ಮಾತಾಡಿತ್ತು. ಇಪ್ಪತ್ತೆರಡು ವರ್ಷಗಳ ಹಿಂದೆ ದೂರದ ಊರಿನ ಸಂಶೋಧನಾ ಸಂಸ್ಥೆಯಿಂದ ಅವನಿಗೆ ಕರೆ ಬಂದಾಗ ಅಪ್ಪ ಬೇಡ ಎನ್ನಲೇ ಇಲ್ಲ. ಹೆಗಲನ್ನೊಮ್ಮೆ ಸವರಿಕೊಂಡು, "ಹೋಗು. ನನ್ನ ಹೊರೋಕೆ ಬಾಡಿಗೆ ಜನ ಸಿಗ್ತಾರೆ," ಎಂದಿದ್ದರು.

ಅವನು ಹೋಗಲಿಲ್ಲ. ನಗರದ ನೀರು ಪರೀಕ್ಷಿಸುವ ಪ್ರಯೋಗಾಲಯ ಸೇರಿದ. ದಿನಕ್ಕೆ ನಲವತ್ತು ಬಾಟಲಿ. ಬೆಳಕಿಗೆ ಹಿಡಿಯುವುದು, ಹನಿ ಹಾಕುವುದು, ಬಣ್ಣ ಕಾಯುವುದು, 'ಕುಡಿಯಲು ಯೋಗ್ಯ' ಎಂದು ಬರೆದು ಸಹಿ ಮಾಡುವುದು. ಅಪ್ಪ ಇನ್ನೂ ಬದುಕಿದ್ದರು. ಅವರನ್ನು ಹೊರುವುದಕ್ಕಾಗಿಯೇ ಉಳಿದುಕೊಂಡವನಿಗೆ ಇಪ್ಪತ್ತೆರಡು ವರ್ಷಗಳಿಂದ ಕೆಲಸವೇ ಬಂದಿರಲಿಲ್ಲ. ಹೀಗೆ ಯೋಚಿಸಿ ನಾಚಿಕೆಪಟ್ಟ. ನಾಚಿಕೆಯ ಹಿಂದೆಯೇ ಸಿಟ್ಟು ಬಂತು.

ಸ್ಮಶಾನದ ಗೇಟಿನ ಪಕ್ಕ ಒಂದು ಕೋಣೆಯ ಕಚೇರಿ. ಉಳಿದವರನ್ನು ಬಿಟ್ಟು ಅವನೊಬ್ಬನೇ ಒಳಗೆ ಹೋದ. ಗುಮಾಸ್ತ ಮೇಜಿನ ಕೆಳಗೆ ಹೀಟರು ಇಟ್ಟುಕೊಂಡು, ಅದರ ಮೇಲೆ ಕೈಗವಸು ಒಣಹಾಕಿದ್ದ. ಉಣ್ಣೆ ಸೀದ ವಾಸನೆ.

"ಬನ್ನಿ ಸಾರ್. ಇಷ್ಟು ಬೇಗ ಯಾರೂ ನಡ್ಕೊಂಡು ಬರಲ್ಲ. ಇಲ್ಲಿಗೆ ಬರೋರೆಲ್ಲ ಮಲಗಿಕೊಂಡೇ ಬರೋದು."

ದಿನಕ್ಕೆ ಹತ್ತು ಸಲ ಹೇಳುವ ಜೋಕಿರಬೇಕು. ಅವನು ನಗಲಿಲ್ಲ. ತಾತನ ಹೆಸರು, ವರ್ಷ ಹೇಳಿದ. ಗುಮಾಸ್ತ ಬೀರುವಿನ ತಳದಿಂದ ದಪ್ಪ ರಿಜಿಸ್ಟರು ಎಳೆದು, ಎಂಜಲು ಹಚ್ಚಿ ಹಾಳೆ ತಿರುವಿದ.

"ಸಿಕ್ತು. ಎಂಟನೇ ಸಾಲು, ಹದಿನಾಲ್ಕು. ನೀವೇ ನೋಡಿ."

ಹೆಸರು. ವಯಸ್ಸು. ಕಾರಣ, ನ್ಯುಮೋನಿಯಾ. ಕೊನೆಯ ಅಂಕಣದ ತಲೆಬರಹ: 'ಶವ ಹೊತ್ತು ತಂದವರು'. ಕೆಳಗೆ ನಾಲ್ಕು ಸಹಿಗಳು. ಬಡಗಿ. ಅಂಚೆಯವನು. ಎದುರುಮನೆಯವನು. ನಾಲ್ಕನೆಯದು ದುಂಡಗೆ, ಅಕ್ಷರ ಅಕ್ಷರ ಬಿಡಿಸಿ ಬರೆದ ಸಹಿ. ಪಕ್ಕದಲ್ಲಿ ಅದೇ ಕೈಬರಹದಲ್ಲಿ 'ಮಗಳು'.

ಆ ದುಂಡನೆಯ ಅಕ್ಷರಗಳು ಅವನಿಗೆ ಗೊತ್ತಿದ್ದವು. ಹಾಸ್ಟೆಲಿನಲ್ಲಿದ್ದಾಗ ತಿಂಗಳಿಗೊಮ್ಮೆ ಅವೇ ಅಕ್ಷರಗಳಲ್ಲಿ ಅತ್ತೆಯ ಕಾಗದ ಬರುತ್ತಿತ್ತು.

"ಮಗ ಅಂತ ಯಾರದ್ದಾದರೂ ಸಹಿ ಇದೆಯಾ?" ಎಂದು ಕೇಳಿದ.

"ಇದೆ ಸಾರ್, ಆದರೆ ಇಲ್ಲಲ್ಲ." ಗುಮಾಸ್ತ ಇನ್ನೊಂದು ಕಡತ ಬಿಚ್ಚಿದ. "ಅದು ತಿರುವಿದ ಜಾಗ. ಮೂವತ್ತು ವರ್ಷ ಯಾರೂ ಬಂದು ಕೇಳದೇ ಹೋದ್ರೆ ಮಣ್ಣು ತಿರುವಿ ಬೇರೆಯವರಿಗೆ ಕೊಟ್ಟುಬಿಡ್ತೀವಿ. ಮುಂಚೆ ನೋಟಿಸ್ ಕಳಿಸ್ತೀವಿ. ಇಲ್ಲಿ ನೋಡಿ, ತಲುಪಿದ ರಸೀತಿ. ಮಗನ ಸಹಿ."

ಬಾಲ ಎಳೆದು ಕೆಳಗೆರಡು ಚುಕ್ಕೆ ಇಟ್ಟ ಸಹಿ. ಅವನ ಅಂಕಪಟ್ಟಿಗಳ ಮೇಲೆಲ್ಲ ಇದ್ದ ಸಹಿ.

"ಅಂದ್ರೆ ನಮ್ಮ ತಾತ ಈಗ ಎಲ್ಲಿದ್ದಾರೆ?"

ಗುಮಾಸ್ತನಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಇಲ್ಲೇ ಎಲ್ಲೋ ಇರ್ತಾರೆ ಸಾರ್. ಎಲ್ಲಿಗೆ ಹೋಗ್ತಾರೆ?"

ಹೊರಗೆ ಬಂದಾಗ ಅಪ್ಪ, ಹೆಂಡತಿ, ಮಗಳು ಆಗಲೇ ಸಾಲುಗಳ ನಡುವೆ ಮಂಜಿನಲ್ಲಿ ಮಸುಕಾಗಿದ್ದರು. ಅತ್ತೆ ಮಾತ್ರ ನಲ್ಲಿಯ ಹತ್ತಿರ ನಿಂತು ಹೂವಿನ ಕಾಂಡಗಳನ್ನು ತೊಳೆಯುತ್ತಿದ್ದರು.

"ಸಿಕ್ತಾ ನಂಬರು?"

"ಅತ್ತೆ, ತಾತನ್ನ ಹೊತ್ತಿದ್ದು ಯಾರು?"

"ನೀರು ಎಷ್ಟು ತಣ್ಣಗಿದೆ ನೋಡು. ಬೆರಳು ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ."

"ನಿಮ್ಮ ಸಹಿ ನೋಡ್ದೆ."

ಅತ್ತೆ ನಲ್ಲಿ ನಿಲ್ಲಿಸಿದರು. ಹೂವನ್ನು ಒಂದು ಸಲ ಕೊಡವಿದರು. ಮುಖದಲ್ಲಿ ಗಾಬರಿಯಾಗಲಿ ದುಃಖವಾಗಲಿ ಇರಲಿಲ್ಲ. ಬೀರುವಿನ ಬೀಗದಕೈ ಯಾರಿಗೋ ಸಿಕ್ಕಿತಂತೆ, ಸಿಗಲಿ ಬಿಡು ಎಂಬಂತಿತ್ತು.

"ಮೂರು ಜನ ಸಿಕ್ಕಿದ್ರು. ನಾಲ್ಕನೇ ಹೆಗಲು ಸಿಗಲಿಲ್ಲ. ಅವತ್ತು ಚಳಿಗೆ ಯಾರೂ ಬಾಗಿಲೇ ತೆಗೀಲಿಲ್ಲಪ್ಪ. ನನಗೆ ಹತ್ತೊಂಬತ್ತು. ನಾನು ಕುಳ್ಳಿ ನೋಡು, ನನ್ನ ಮೂಲೆ ತಗ್ಗಿತಗ್ಗಿ ಬರ್ತಿತ್ತು. ಬಡಗಿ ದಾರಿಯುದ್ದಕ್ಕೂ ಬೈತಾನೇ ಬಂದ."

ಅಪ್ಪ ಆರಡಿ ಎತ್ತರ. ಆರಡಿಯ ಮನುಷ್ಯನ ಮೂಲೆ ಯಾಕೆ ತಗ್ಗಬೇಕು ಎಂದು ಅವನಿಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಬಾಟಲಿಯ ನೀರಿನಲ್ಲಿ ಕೂದಲೆಳೆಯಷ್ಟು ಬಣ್ಣ ಬದಲಾದರೂ ಹಿಡಿಯುವವನು ಅವನು.

"ಅಪ್ಪ ಎಲ್ಲಿದ್ರು?"

"ಕೆಲಸದ ಇಂಟರ್‌ವ್ಯೂ ಇತ್ತಲ್ಲ. ತಂತಿ ತಲುಪಿತ್ತು. ಇಂಟರ್‌ವ್ಯೂ ಮುಗಿಸ್ಕೊಂಡೇ ಹೊರಟ. ಮೂರನೇ ದಿನ ಬಂದ. ನನ್ನ ಎದುರಿಗೆ ಕೂರಿಸ್ಕೊಂಡು ಒಂದೊಂದೇ ಕೇಳ್ದ. ದಾರಿ ಹೇಗಿತ್ತು, ಎಷ್ಟು ಭಾರ ಇತ್ತು, ಯಾರು ಏನಂದ್ರು. ಎಲ್ಲಾ ಹೇಳ್ದೆ. ತುಂಬಾ ಅತ್ತ, ಪಾಪ."

"ಆಮೇಲೆ?"

"ಆಮೇಲೆ ಅವನು ಹೇಳೋಕೆ ಶುರುಮಾಡ್ದ. ಮೊದಲನೇ ಸಲ ನನ್ನ ಎದುರಿಗೇ, ಯಾರೋ ನೆಂಟರ ಹತ್ತಿರ. ನಾನು ಚಹಾ ಹಿಡ್ಕೊಂಡು ನಿಂತಿದ್ದೆ."

"ನೀವು ಏನೂ ಅನ್ನಲಿಲ್ವಾ?"

"ಚಹಾ ಆರಿಹೋಗ್ತಿತ್ತು."

ಅವನಿಗೆ ಅತ್ತೆಯ ಕೈಯಿಂದ ಹೂವು ಕಿತ್ತು ಎಸೆಯಬೇಕೆನಿಸಿತು. ಅಪ್ಪನ ಮೇಲಿನ ಸಿಟ್ಟು ಹೇಗೋ ದಾರಿ ತಪ್ಪಿ ಇವರ ಮೇಲೆ ಬಂದಿತ್ತು. ಇವರು ಅವತ್ತು ಲೋಟವನ್ನು ಕೆಳಗಿಟ್ಟು ಒಂದೇ ಒಂದು ಮಾತು ಆಡಿದ್ದರೆ? ಅವನು ಆ ದೂರದ ಊರಿನ ಸಂಸ್ಥೆಗೆ ಹೋಗುತ್ತಿದ್ದ. ಬೇರೆ ಕೋಣೆ, ಬೇರೆ ಕಿಟಕಿ, ಬಹುಶಃ ಬೇರೆ ಹೆಂಡತಿ. ಮರುಕ್ಷಣ ಇನ್ನೊಂದು ಅನುಮಾನ ಬಂತು: ಹೋಗದೇ ಇರಲು ಅಪ್ಪನ ಹೆಗಲು ನೆಪವಾಗಿ ಸಿಕ್ಕಿದ್ದಕ್ಕೆ ಅವನಿಗೆ ಒಳಗೊಳಗೇ ಹಾಯೆನಿಸಿರಲಿಲ್ಲವೆ? ಆ ಅನುಮಾನವನ್ನು ಅಲ್ಲೇ ತುಳಿದು ಬೇಗಬೇಗ ನಡೆದ. ಬೂಟಿನಡಿ ಹುಲ್ಲು ಗಾಜಿನಂತೆ ಮುರಿಯಿತು.

ಎಲ್ಲರ ಮುಂದೆ ಹೇಳಿಬಿಡಬೇಕು. ಈಗಲೇ.

ಅಪ್ಪ ಒಂದು ಕಲ್ಲಿನ ಮುಂದೆ ಟೋಪಿ ತೆಗೆದು ನಿಂತಿದ್ದರು. ಹೆಂಡತಿ ಬ್ಯಾಗಿನಿಂದ ಬಟ್ಟೆ ತೆಗೆದು ಅದರ ಮೇಲಿನ ಹಿಮ ಒರೆಸುತ್ತಿದ್ದಳು.

"ಇದೇ," ಎಂದರು ಅಪ್ಪ. "ನೋಡಿದ ತಕ್ಷಣ ಗೊತ್ತಾಯ್ತು. ನಂಬರೂ ಬೇಡ ಏನೂ ಬೇಡ."

ಅದು ಹನ್ನೊಂದನೇ ಸಾಲು. ಯಾರದೋ ಹಳೆಯ ಕಲ್ಲು. ಗಾಳಿ ನೀರಿಗೆ ಸವೆದು ಸವೆದು ಅದರ ಮುಖ ಅಂಗೈಯಂತೆ ನುಣ್ಣಗಾಗಿತ್ತು. ಒಂದಕ್ಷರವೂ ಉಳಿದಿರಲಿಲ್ಲ.

"ಹೌದಲ್ವೇನೇ?" ಎಂದು ಅಪ್ಪ ತಂಗಿಯನ್ನು ಕೇಳಿದರು.

ಹಿಂದೆಯೇ ಬಂದಿದ್ದ ಅತ್ತೆ ಕಲ್ಲನ್ನು ನೋಡಿದರು, ಅಣ್ಣನನ್ನು ನೋಡಿದರು. "ಇರಬಹುದು ಅಣ್ಣ," ಎಂದು ಹೂವು ಇಟ್ಟರು.

"ಅಪ್ಪ, ಆಫೀಸಲ್ಲಿ ರಿಜಿಸ್ಟರು ನೋಡ್ದೆ," ಎಂದ ಅವನು.

"ನೋಡಿದ್ಯಾ, ಒಳ್ಳೇದಾಯ್ತು. ಕನ್ನಡಕ ಕಾರಲ್ಲೇ ಬಿಟ್ಟೆ. ಈ ಕಲ್ಲಲ್ಲಿ ಏನು ಬರೆದಿದೆ, ಸ್ವಲ್ಪ ಜೋರಾಗಿ ಓದು. ಮಗು ಕೇಳಲಿ."

"ಓದಲಾ?"

"ಓದು ಅಂದ್ನಲ್ಲ."

ಅವನು ಕಲ್ಲಿನ ಎದುರು ನಿಂತ. ಬಾಯಿಂದ ಬಂದ ದನಿಯ ಗುರುತು ಅವನಿಗೇ ಸಿಗಲಿಲ್ಲ. ತಾತನ ಹೆಸರು ಹೇಳಿದ. ಹುಟ್ಟಿದ ವರ್ಷ, ಸತ್ತ ವರ್ಷ ಹೇಳಿದ. ಆಮೇಲೆ, ಪ್ರತಿ ಸಾಲಿನ ಕೊನೆಗೂ ನಿಂತು, ಕಲ್ಲು ಕುಟ್ಟುವವನ ಹಾಗೆ:

"ಹೊತ್ತು ತಂದವರು, ಬಡಗಿ. ಅಂಚೆಯವನು. ಎದುರುಮನೆಯವನು. ಮಗಳು. ಮಗನಿಗೆ ತಂತಿ ತಲುಪಿತ್ತು. ಮಗ ಮೂರನೆಯ ದಿನ ಬಂದ. ನೋಟಿಸೂ ತಲುಪಿತ್ತು. ಮಗ ಬರಲಿಲ್ಲ."

"ಏನ್ರೀ ಇದು?" ಎಂದು ಹೆಂಡತಿ ಮೆಲ್ಲಗೆ ಗದರಿದಳು. ಅತ್ತೆ ತಲೆ ಎತ್ತಲಿಲ್ಲ. ಬಾಗಿದ್ದವರು ಬಾಗಿಯೇ ಹೂವಿನ ಕಾಂಡಗಳನ್ನು ಒಂದರ ಪಕ್ಕ ಒಂದು ಜೋಡಿಸತೊಡಗಿದರು.

ಅವನು ಕಾದ. ಅಪ್ಪ ಕೂಗಾಡಬಹುದು, ಕುಸಿಯಬಹುದು, ಅಳಬಹುದು. ಯಾವುದಾದರೂ ಸರಿ, ಒಂದು ಆಗಲಿ. ಅಪ್ಪ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಕಲ್ಲನ್ನೇ ದಿಟ್ಟಿಸುತ್ತಿದ್ದರು. ಉಸಿರು ಬಿಳಿಯಾಗಿ ಹೊರಬಂದು ಕರಗುತ್ತಿತ್ತು. ತುಟಿ ಒಮ್ಮೆ ಅದುರಿತು. ಚಳಿಗೂ ಅದುರಬಹುದಿತ್ತು.

"ಕೆತ್ತಿದವನು ತಪ್ಪು ಮಾಡಿದಾನೆ," ಎಂದರು ಕೊನೆಗೆ. ಟೋಪಿ ಹಾಕಿಕೊಂಡರು. "ಆಮೇಲೆ ಸರಿ ಮಾಡಿಸು."

ಕಾರಿನ ಕಡೆಗೆ ನಡೆದರು. ಎರಡು ಹೆಜ್ಜೆ ಹೋದವರು ಸ್ವಲ್ಪ ಜಾರಿದರು. ಅತ್ತೆ ಓಡಿಹೋಗಿ ತೋಳಿಗೆ ಹೆಗಲು ಕೊಟ್ಟರು. ಹೆಂಡತಿ ಒದ್ದೆ ಬಟ್ಟೆಯನ್ನು ಹಿಂಡಿ, ಅವನತ್ತ ನೋಡದೆ, ಅವರ ಹಿಂದೆ ಹೋದಳು.

ಅವನು ಅಲ್ಲೇ ನಿಂತಿದ್ದ.

ಮಗಳು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಕೈಗವಸು ಕಳಚಿ ಹುಲ್ಲಿನ ಮೇಲಿಟ್ಟಿದ್ದಳು. ತೋರುಬೆರಳನ್ನು ಕಲ್ಲಿನ ಎಡತುದಿಗೆ ಒತ್ತಿ ಮೆಲ್ಲಗೆ ಬಲತುದಿಯ ತನಕ ಎಳೆದಳು. ಏನೂ ಸಿಗಲಿಲ್ಲ. ಬೆರಳಿಗೆ ಉಸಿರೂದಿ ಬೆಚ್ಚಗೆ ಮಾಡಿಕೊಂಡಳು. ಆಮೇಲೆ ಒಂದು ಇಂಚು ಕೆಳಗೆ, ಮತ್ತೆ ಎಡತುದಿಯಿಂದ, ಎರಡನೆಯ ಸಾಲು ಶುರುಮಾಡಿದಳು.